ಇಪ್ಪತ್ತೈದು ಡಿಗ್ರಿಯ ಮಾಡು, ಹದಿನೇಳು ಇಂಚಿನ ಕೊರತೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯಿಂದ ಒಳಗೆ ಅಡಿಕೆ ತೋಟದ ನಡುವೆ ಒಂದು ಮನೆ. ಹಿಂದೆ ಹಳೆಯ ಹೆಂಚಿನ ಅಡುಗೆಮನೆ, ಮುಂದೆ ಆಮೇಲೆ ಕಟ್ಟಿಸಿದ ತಾರಸಿ ಮನೆ. ಮಲೆನಾಡಿನಲ್ಲಿ ತಾರಸಿ ಹಾಕಿಸಿದವರಿಗೆ ಮುಂದಿನದು ಗೊತ್ತೇ ಇರುತ್ತದೆ. ಮೊದಲು ಗೋಡೆಯಲ್ಲಿ ತೇವ, ಆಮೇಲೆ ಹಾವಸೆ, ಕೊನೆಗೆ ಸ್ಲ್ಯಾಬಿನಿಂದ ತೊಟ್ಟಿಕ್ಕುವ ನೀರು. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಚಪ್ಪಟೆ ಮಾಡು ಬಾಳುವುದಿಲ್ಲ. ಹಾಗಾಗಿ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದು ಈಗ ಊರೂರಲ್ಲೂ ನಡೆದಿದೆ. ಕೆಳಗೆ ಸಿಗುವ ಜಾಗದಲ್ಲಿ ಅಡಿಕೆ ಚೀಲ ಇಡಬಹುದು, ಬಟ್ಟೆ ಒಣಗಿಸಬಹುದು.

ಶಿವಮೊಗ್ಗದ ಒಂದು ಫ್ಯಾಬ್ರಿಕೇಷನ್ ಅಂಗಡಿಗೆ ನಾನು ಎಸ್ಟಿಮೇಟ್ ಮಾಡಿಕೊಡುತ್ತೇನೆ. ಎಷ್ಟು ಪೈಪು, ಎಷ್ಟು ಶೀಟು, ಯಾವ ಉದ್ದಕ್ಕೆ ಕತ್ತರಿಸಬೇಕು ಎಂಬುದೆಲ್ಲ ನಾನೇ ಬರೆದ ಒಂದು ಸ್ಪ್ರೆಡ್‌ಶೀಟಿನಿಂದ ಹೊರಡುತ್ತದೆ. ಈ ಪ್ರಕರಣದಲ್ಲಿ ಆದ ತಪ್ಪು ಆ ಶೀಟಿನದು, ಅಂದರೆ ನನ್ನದು. ಇಂಥದೇ ಶೀಟು ಇಟ್ಟುಕೊಂಡವರು ನಮ್ಮ ಜಿಲ್ಲೆಯಲ್ಲೇ ಎಷ್ಟೋ ಜನ ಇದ್ದಾರೆ, ಮುಂದಿನ ಮಳೆಗಾಲಕ್ಕೆ ಮುಂಚೆ ಅವರು ತಮ್ಮ ಫಾರ್ಮುಲಾ ಒಮ್ಮೆ ತೆರೆದು ನೋಡಲಿ ಎಂದು ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಕೆಲಸದ ಅಳತೆ

ತಾರಸಿಯ ಅಗಲ 24 ಅಡಿ, ಉದ್ದ 40 ಅಡಿ. ಎರಡೂ ಕಡೆಗೆ ಇಳಿಜಾರು, ನಡುವೆ ನೆತ್ತಿ. ಗೋಡೆಯಿಂದಾಚೆ ಸೂರು ಮೂರು ಅಡಿ ಚಾಚಬೇಕೆಂದು ಮನೆಯ ಯಜಮಾನರು ಮೊದಲೇ ಹೇಳಿದ್ದರು. ಆ ಕಡೆಯ ಗಾಳಿಮಳೆಗೆ ಎರಚಲು ಹೇಗೆ ಹೊಡೆಯುತ್ತದೆ ಎಂದು ನೋಡಿದವರು ಆ ಮೂರು ಅಡಿಗೆ ಚೌಕಾಸಿ ಮಾಡುವುದಿಲ್ಲ. ಹೀಗೆ ನೆತ್ತಿಯಿಂದ ಸೂರಿನ ತುದಿಗೆ ಅಡ್ಡಳತೆ 12 ಮತ್ತು 3 ಸೇರಿ 15 ಅಡಿ. ಉದ್ದಕ್ಕೆ ಎರಡು ಬದಿಗೂ ಎರಡೆರಡು ಅಡಿ ಚಾಚು ಸೇರಿಸಿ 44 ಅಡಿ. ಪಕಾಸಿ, ಅಂದರೆ ನೆತ್ತಿಯಿಂದ ಸೂರಿಗೆ ಇಳಿಯುವ ಕೋಲು, 11 ಜೋಡಿ, ಒಟ್ಟು 22.

ಯಜಮಾನರ ಇನ್ನೊಂದು ಆಸೆ: ಹೊಸ ಮಾಡಿನ ಇಳಿಜಾರು ಹಳೆಯ ಹೆಂಚಿನ ಮಾಡಿನ ಹಾಗೇ ಇರಬೇಕು, ರಸ್ತೆಯಿಂದ ನೋಡಿದರೆ ಎರಡೂ ಒಂದೇ ಮನೆಯೆಂದು ಕಾಣಬೇಕು. ಅಂಗಡಿಯ ಹುಡುಗ ಏಣಿ ಹತ್ತಿ, ಹಳೆಯ ಪಕಾಸಿಯ ಮೇಲೆ ಮೊಬೈಲ್ ಇಟ್ಟು, ಕೋನ ತೋರಿಸುವ ಆ್ಯಪ್‌ನಲ್ಲಿ ಕಂಡದ್ದನ್ನು ನನಗೆ ಕಳಿಸಿದ: 25 ಡಿಗ್ರಿ.

ಅಲ್ಲಿಯವರೆಗೆ ನನ್ನ ಶೀಟು ಕೋನ ಕೇಳುತ್ತಿರಲಿಲ್ಲ. ಅಡ್ಡಳತೆ, ಎತ್ತರ ಎರಡನ್ನೂ ಹಾಕಿದರೆ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯುತ್ತಿತ್ತು. ಹೈಸ್ಕೂಲಿನ ಪೈಥಾಗೊರಸ್, ಅಷ್ಟೆ. ಈ ಸಲ ಎತ್ತರದ ಬದಲು ಕೋನ ಬಂದಿತ್ತು. ಪಕಾಸಿಯ ಉದ್ದ ಎಂದರೆ ಅಡ್ಡಳತೆಯನ್ನು ಕೋನದ ಕೊಸೈನ್‌ನಿಂದ ಭಾಗಿಸಿದ್ದು. ನಾನು ಬರೆದದ್ದು ಹೀಗೆ:

=ಬಿ2/ಕಾಸ್(ಬಿ3)

(ಇಲ್ಲಿ ಓದಲಿಕ್ಕೆಂದು ಕನ್ನಡದಲ್ಲಿ ಬರೆದಿದ್ದೇನೆ, ಶೀಟಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ಬಿ2ರಲ್ಲಿ 15, ಬಿ3ರಲ್ಲಿ 25. ಬಿ3ಕ್ಕೆ ಡಿಗ್ರಿಯ ಚಿಕ್ಕ ಸೊನ್ನೆ ಕಾಣುವ ಹಾಗೆ ಫಾರ್ಮ್ಯಾಟ್ ಕೂಡ ಮಾಡಿದ್ದೆ. ಉತ್ತರ 15.13 ಅಡಿ, ಅಂದರೆ 15 ಅಡಿ ಒಂದೂವರೆ ಇಂಚು. 20 ಅಡಿಯ ಪೈಪಿನಲ್ಲಿ ಒಂದು ಪಕಾಸಿ ಬಂದು, ಐದಡಿಗೆ ಸ್ವಲ್ಪ ಕಡಿಮೆ ತುಂಡು ಉಳಿಯುತ್ತದೆ. ಎಲ್ಲ ಸರಿಯಾಗಿಯೇ ಕಂಡಿತು.

ಸುಮ್ಮನೆ ನಂಬಿ ಬಿಡಲಿಲ್ಲ. ತಾಳೆ ನೋಡಲು ಪಕ್ಕದ ಕೋಶದಲ್ಲಿ ಇನ್ನೊಂದು ದಾರಿಯಿಂದ ಲೆಕ್ಕ ಹಾಕಿದೆ. ಟ್ಯಾನ್‌ನಿಂದ ಎತ್ತರ ತೆಗೆದು, ಅದನ್ನು ಪೈಥಾಗೊರಸ್‌ಗೆ ಕೊಟ್ಟು, ಎಲ್ಲವನ್ನೂ ಒಂದೇ ಫಾರ್ಮುಲಾದಲ್ಲಿ: =ಎಸ್‌ಕ್ಯೂಆರ್‌ಟಿ(ಬಿ2^2+(ಬಿ2*ಟ್ಯಾನ್(ಬಿ3))^2). ಅದೂ 15.13 ಎಂದಿತು. ದಶಮಾಂಶದ ಆರನೇ ಸ್ಥಾನದವರೆಗೂ ಒಂದೇ. ಕಟಿಂಗ್ ಪಟ್ಟಿ ಪ್ರಿಂಟ್ ತೆಗೆದು ಅಂಗಡಿಗೆ ಕೊಟ್ಟೆ. ಮೃಗಶಿರ ಮಳೆ ಹಿಡಿಯುವುದರೊಳಗೆ ಶೀಟು ಹೊದಿಸಿ ಮುಗಿಸಬೇಕಿತ್ತು, ಆಗಲೇ ಮೇ ಕೊನೆ. ಹುಡುಗರು ಒಂದೇ ದಿನದಲ್ಲಿ 22 ಪೈಪನ್ನೂ ಕತ್ತರಿಸಿದರು.

ತಾರಸಿಯ ಮೇಲೆ ಸೀಮೆಸುಣ್ಣ

ಮಾಡಿನ ನೀರು ಹಿಡಿಯುವ ಗಟರಿನ ಅಳತೆಗೆಂದು ನಾನೂ ಆ ದಿನ ಅಲ್ಲಿಗೆ ಹೋಗಿದ್ದೆ. ಪೈಪೆಲ್ಲ ಮೇಲೇರಿತ್ತು. ಮೇಸ್ತ್ರಿ ಕೆಲಸ ಶುರು ಮಾಡಿರಲಿಲ್ಲ, ತಾರಸಿಯ ಮೇಲೆ ಕುಕ್ಕರಗಾಲಲ್ಲಿ ಕೂತು ದಾರ ಹಿಡಿದಿದ್ದರು.

ಅವರ ಪದ್ಧತಿ ಅದು. ಎಷ್ಟೇ ಅವಸರವಿದ್ದರೂ ಮೊದಲ ಜೋಡಿಯನ್ನು ನೆಲದ ಮೇಲೆ ಪೂರ್ಣ ಗಾತ್ರದಲ್ಲಿ ಬರೆದು, ಅದರ ಮೇಲೆ ಪೈಪು ಮಲಗಿಸಿ, ಅಚ್ಚು ಸರಿಹೋದ ಮೇಲೇ ವೆಲ್ಡಿಂಗ್. ದಾರಕ್ಕೆ ಸೀಮೆಸುಣ್ಣ ಸವರಿ, ಎರಡು ತುದಿ ಬಿಗಿ ಹಿಡಿದು ನಡುವೆ ಮೀಟಿ 15 ಅಡಿಯ ಗೆರೆ ಎಳೆದರು. ಒಂದು ತುದಿಯಲ್ಲಿ ಮೂರು, ನಾಲ್ಕು, ಐದು ಅಡಿ ಹಿಡಿದು ಮೂಲೆ ಮಟ್ಟ ಮಾಡಿ, ನೇರ ಮೇಲಕ್ಕೆ ಇನ್ನೊಂದು ಗೆರೆ. ಅದರ ಮೇಲೆ ಟೇಪು ಹಿಡಿದು ಏಳು ಅಡಿಗೆ ಗುರುತು ಹಾಕಿದರು. ಆ ಏಳು ಅಡಿ ನನ್ನ ಶೀಟಿನಿಂದ ಬಂದದ್ದಲ್ಲ. ಹಳೆಯ ಮಾಡಿಗೆ ಅವರೇ ಮಟ್ಟಗೋಲು, ಟೇಪು ಹಿಡಿದು ನೋಡಿದ್ದರು: ಅಡಿಗೆ ಐದೂವರೆ ಇಂಚು ದಾಟಿ ಒಂದು ನೂಲು ಏರಿಕೆ, ಸುಮಾರು 5.6 ಇಂಚು. ಹದಿನೈದು ಅಡಿಗೆ 84 ಇಂಚು, ಅಂದರೆ ಏಳು ಅಡಿ. ಅವರ ಲೆಕ್ಕದಲ್ಲಿ ಕೋನ ಎಂಬ ಮಾತೇ ಇಲ್ಲ.

ಪೈಪಿನ ಒಂದು ತುದಿಯನ್ನು ಏಳಡಿಯ ಗುರುತಿಗೆ ಇಟ್ಟರು. ಇನ್ನೊಂದು ತುದಿ ಸೂರಿನ ಗುರುತು ಮುಟ್ಟಲಿಲ್ಲ. ಸರಿಸಿ ನೋಡಿದರು, ತಿರುಗಿಸಿ ಇಟ್ಟು ನೋಡಿದರು. ಆಮೇಲೆ ಟೇಪು ಹಿಡಿದರು. ಹದಿನೇಳು ಇಂಚು ಕಡಿಮೆ.

"ಸರ್, ಇದು ಎಂತ ಲೆಕ್ಕ?" ಎಂದು ನನ್ನ ಕಡೆ ತಿರುಗಿದರು. "ಅಡ್ಡ ಹದಿನೈದಡಿ. ಕೋಲು ಹದಿನೈದಡಿ ಒಂದೂವರೆ ಇಂಚು ಅಂತ ಬರ್ದಿದೀರಿ. ಏಳಡಿ ಮೇಲೆ ಹತ್ಲಿಕ್ಕೆ ಒಂದೂವರೆ ಇಂಚು ಸಾಕಾ?"

ನಾನು ಎರಡು ವಾರ ಆ ಸಂಖ್ಯೆಯನ್ನು ದಿನವೂ ನೋಡಿದ್ದೆ. ಹೀಗೆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಮೊಬೈಲ್ ತೆಗೆದು ಕ್ಯಾಲ್ಕುಲೇಟರ್‌ನಲ್ಲಿ 15ನ್ನು ಕಾಸ್ 25ರಿಂದ ಭಾಗಿಸಿದೆ. 16.55 ಎಂದಿತು. ಶೀಟಿನಲ್ಲಿ 15.13. ಕೋನ ಒಂದೇ, ಸೂತ್ರವೂ ಒಂದೇ, ಉತ್ತರ ಮಾತ್ರ ಎರಡು. ತಪ್ಪು ಎಲ್ಲಿದೆ ಎಂದು ಹೊಳೆದದ್ದು ಅಲ್ಲೇ.

ತಪ್ಪಿನ ಒಳಗೆ

ಎಕ್ಸೆಲ್ ಆಗಲಿ, ಗೂಗಲ್ ಶೀಟ್ಸ್ ಆಗಲಿ, ಲಿಬ್ರೆ ಆಫೀಸ್ ಆಗಲಿ, ಸೈನ್, ಕಾಸ್, ಟ್ಯಾನ್ ಮೂರೂ ಕೋನವನ್ನು ರೇಡಿಯನ್‌ನಲ್ಲೇ ತೆಗೆದುಕೊಳ್ಳುತ್ತವೆ. ಕ್ಯಾಲ್ಕುಲೇಟರ್‌ನಲ್ಲಿ ಡಿಗ್ರಿಗೋ ರೇಡಿಯನ್‌ಗೋ ಬದಲಾಯಿಸುವ ಗುಂಡಿ ಇರುತ್ತದೆ, ಸ್ಪ್ರೆಡ್‌ಶೀಟಿನಲ್ಲಿ ಅಂಥ ಗುಂಡಿಯೇ ಇಲ್ಲ. ಬಿ3ರ ಪಕ್ಕ ನಾನು ಬರಿಸಿದ್ದ ಡಿಗ್ರಿಯ ಸೊನ್ನೆ ಬರೀ ಬಣ್ಣ. ಒಳಗಿನ ಬೆಲೆ 25, ಮತ್ತು ಕಾಸ್ ಅದನ್ನು 25 ರೇಡಿಯನ್ ಎಂದೇ ಓದಿತು.

ರೇಡಿಯನ್ ಎಂದರೆ ವೃತ್ತದ ಅಂಚಿನ ಮೇಲೆ ತ್ರಿಜ್ಯದಷ್ಟೇ ಉದ್ದ ನಡೆದರೆ ಕೇಂದ್ರದಲ್ಲಿ ಆಗುವ ಕೋನ. ಡಿಗ್ರಿಯಲ್ಲಿ ಹೇಳಿದರೆ 57.3ರಷ್ಟು. ಒಂದು ಪೂರ್ತಿ ಸುತ್ತಿಗೆ ಎರಡು ಪೈ, ಅಂದರೆ 6.283 ರೇಡಿಯನ್. ಗಣಿತದವರಿಗೆ ಇದು ಹೊಸದಲ್ಲ. 499ರಲ್ಲಿ ಆರ್ಯಭಟ ಜ್ಯಾ (ಇಂದಿನ ಸೈನ್‌ನ ಮೂಲರೂಪ) ಕೋಷ್ಟಕ ಕೊಟ್ಟಾಗ ತ್ರಿಜ್ಯವನ್ನು 3438 ಎಂದು ಇಟ್ಟುಕೊಂಡ. ಪರಿಧಿ 21600 ಕಲೆಗಳಾದರೆ (ಒಂದು ಕಲೆ ಎಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ತ್ರಿಜ್ಯ ಅದೇ ಅಳತೆಯಲ್ಲಿ 3438 ಕಲೆ. ಚಾಪ, ತ್ರಿಜ್ಯ ಎರಡಕ್ಕೂ ಒಂದೇ ಅಳತೆಗೋಲು. ಅವನ ಕೋಷ್ಟಕದ ಮೊದಲ ಸಾಲಿನಲ್ಲಿ 225 ಕಲೆಯ ಚಾಪಕ್ಕೆ ಜ್ಯಾ ಕೂಡ 225: ಚಿಕ್ಕ ಕೋನಕ್ಕೆ ಚಾಪವೂ ಜ್ಯಾವೂ ಹೆಚ್ಚುಕಡಿಮೆ ಸಮ ಎಂಬುದು ಅಲ್ಲೇ ಕಣ್ಣಿಗೆ ಕಾಣುತ್ತದೆ. ರೇಡಿಯನ್ನಿನ ಗುಣವೂ ಅದೇ. ಕಂಪ್ಯೂಟರು ಸೈನ್, ಕಾಸ್ ಲೆಕ್ಕ ಹಾಕುವ ಸೂತ್ರಗಳು ಸರಳವಾಗಿ ಬರುವುದು ಈ ಅಳತೆಯಲ್ಲಿ ಎಂದೇ ಅದನ್ನು ಆರಿಸಿದ್ದು. ಅದು ದೋಷವಲ್ಲ. ದೋಷ, ಡಿಗ್ರಿಯನ್ನು ಬದಲಾಯಿಸದೆ ಒಳಗೆ ಬಿಟ್ಟವನದು.

ರೇಡಿಯನ್, ಡಿಗ್ರಿ ಗೊಂದಲ ಎಲ್ಲರೂ ಕೇಳಿರುವಂಥದ್ದೇ, ಮಾಡಿದವರಿಗೆ ಸಾಮಾನ್ಯವಾಗಿ ಕೂಡಲೇ ತಿಳಿಯುತ್ತದೆ. ನನಗೆ ಯಾಕೆ ತಿಳಿಯಲಿಲ್ಲ ಎಂಬುದೇ ಈ ಪ್ರಕರಣದ ತಿರುಳು. ಮನೆಗೆ ಬಂದು ಅದೇ ತಪ್ಪು ಫಾರ್ಮುಲಾಕ್ಕೆ ಅಕ್ಕಪಕ್ಕದ ಕೋನಗಳನ್ನು ಕೊಟ್ಟು ನೋಡಿದೆ. 24 ಕೊಟ್ಟರೆ ಪಕಾಸಿ 35.4 ಅಡಿ. 26 ಕೊಟ್ಟರೆ 23.2 ಅಡಿ. 30ಕ್ಕೆ 97 ಅಡಿ. 28ಕ್ಕೆ ಮೈನಸ್ 15.6. ಇವುಗಳಲ್ಲಿ ಯಾವುದು ಬಂದಿದ್ದರೂ ಆ ಕ್ಷಣವೇ ಕೈ ನಿಲ್ಲುತ್ತಿತ್ತು. 23 ಅಡಿ ಬಂದಿದ್ದರೂ 20 ಅಡಿಯ ಪೈಪು ಸಾಲದಲ್ಲ ಎಂದು ತಿರುಗಿ ನೋಡುತ್ತಿದ್ದೆ. 25ಕ್ಕೆ ಮಾತ್ರ 15.13 ಬಂತು, ನಂಬುವ ಹಾಗೆ ಬಂತು.

ಕಾರಣ ಸರಳ. ನಾಲ್ಕು ಪೂರ್ತಿ ಸುತ್ತು ಎಂದರೆ ಎಂಟು ಪೈ, 25.13 ರೇಡಿಯನ್. 25 ರೇಡಿಯನ್ ಎಂದರೆ ನಾಲ್ಕು ಸುತ್ತು ತಿರುಗಿ ಹೊರಟ ಜಾಗಕ್ಕೇ ಹೆಚ್ಚುಕಡಿಮೆ ಬಂದು ನಿಂತ ಹಾಗೆ. ಅಲ್ಲಿ ಕೊಸೈನ್ 0.9912, ಒಂದಕ್ಕೆ ಹತ್ತಿರ. ನಿಜವಾಗಿ 25 ಡಿಗ್ರಿಯ ಕೊಸೈನ್ 0.9063. ಎರಡೂ ಒಂದಕ್ಕಿಂತ ಸ್ವಲ್ಪ ಕಡಿಮೆ, ಎರಡೂ ಧನ ಸಂಖ್ಯೆ. ಇದೇ ರೀತಿ ಮೋಸ ಮಾಡುವ ಇನ್ನೂ ಕೋನಗಳಿವೆ, ಮಾಡಿನ ಕೆಲಸ ಮಾಡುವವರು ಇವನ್ನು ಬರೆದಿಟ್ಟುಕೊಳ್ಳಬೇಕು: 6, 13, 19, 25, 31, 38, 44. ಎಲ್ಲವೂ ಎರಡು ಪೈಯ ಗುಣಕಗಳ ಹತ್ತಿರ ಕೂತಿವೆ. 44 ಡಿಗ್ರಿಗೆ ಈ ತಪ್ಪು ಫಾರ್ಮುಲಾ ಕೊಡುವ ಕೊಸೈನ್ 0.9998, ಸರಿಯಾದದ್ದು 0.7193. 13 ಡಿಗ್ರಿಯ ತಗ್ಗು ಶೆಡ್ಡಿಗೆ ತಪ್ಪು ತಿರುಗುಮುರುಗು: ಉದ್ದ ನೂರಕ್ಕೆ ಎರಡೂವರೆ ಹೆಚ್ಚಬೇಕಾದ ಕಡೆ ಹತ್ತು ಹೆಚ್ಚುತ್ತದೆ. ಪೈಪು ಉಳಿಯುತ್ತದೆ, ಯಾರೂ ಕೇಳುವುದಿಲ್ಲ, ಗಿರಾಕಿ ದುಡ್ಡು ಕೊಡುತ್ತಾನೆ.

ಇನ್ನು ಆ ತಾಳೆ ಕೋಶ. ನನ್ನನ್ನು ಹೆಚ್ಚು ಕಾಡಿದ್ದು ಅದು. ತಪ್ಪು ಹಿಡಿಯಲೆಂದೇ ಬರೆದ ಫಾರ್ಮುಲಾ ಯಾಕೆ ಸರಿ ಎಂದಿತು? ಟ್ಯಾನ್ 25 ರೇಡಿಯನ್ ಎಂದರೆ ಮೈನಸ್ 0.1335. ಅದರಿಂದ ಎತ್ತರ ಮೈನಸ್ ಎರಡು ಅಡಿ. ಎತ್ತರವನ್ನು ಬೇರೆ ಕೋಶದಲ್ಲಿ ಬರೆದಿದ್ದರೆ ಮೈನಸ್ ಚಿಹ್ನೆ ಕಣ್ಣಿಗೆ ಹೊಡೆಯುತ್ತಿತ್ತು. ನಾನು ಎಲ್ಲವನ್ನೂ ಒಂದೇ ಸಾಲಿಗೆ ತುರುಕಿದ್ದೆ, ವರ್ಗ ಮಾಡಿದ ಕೂಡಲೇ ಮೈನಸ್ ಅಳಿಸಿಹೋಯಿತು. 225ಕ್ಕೆ 4 ಸೇರಿಸಿ ವರ್ಗಮೂಲ ತೆಗೆದರೆ 15.13. ಇದು ಕಾಕತಾಳೀಯ ಅಲ್ಲ. ಒಂದು ಮತ್ತು ಟ್ಯಾನ್ ವರ್ಗ ಕೂಡಿದರೆ ಸೆಕ್ ವರ್ಗ ಎಂದು ಎಸ್ಸೆಸ್ಸೆಲ್ಸಿಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಆ ನಿತ್ಯಸಮೀಕರಣ ಬೆಲೆಯುಳ್ಳ ಯಾವ ಕೋನಕ್ಕೂ ಸತ್ಯ. ಸರಿಯಾದ ಕೋನಕ್ಕೂ, ತಪ್ಪು ಕೋನಕ್ಕೂ. ಒಂದೇ ಕೋಶದ ಕೋನದಿಂದ ಹೊರಟ ಎರಡು ದಾರಿಗಳು ಕೊನೆಗೆ ಸೇರಿಯೇ ಸೇರುತ್ತವೆ. ನಾನು ತಾಳೆ ನೋಡಿದ್ದು ತ್ರಿಕೋನಮಿತಿಯನ್ನು, ಮಾಡನ್ನಲ್ಲ.

ಮೇಸ್ತ್ರಿಯ ತಾಳೆ ಬೇರೆ ಜಾತಿಯದು. ಅವರ ಏಳು ಅಡಿ ಟೇಪಿನಿಂದ ಬಂದದ್ದು, ನನ್ನ ಬಿ3ಕ್ಕೆ ಅದಕ್ಕೆ ಯಾವ ಸಂಬಂಧವೂ ಇರಲಿಲ್ಲ. ಎಂದೇ ಅದು ತಪ್ಪನ್ನು ಹಿಡಿಯಿತು.

ಸರಿಪಡಿಸಿದ್ದು

ಕತ್ತರಿಸಿದ ಪೈಪು ಎಸೆಯಬೇಕಾಗಲಿಲ್ಲ. ಹಾಗೇ ಏರಿಸಿದ್ದರೆ ಮೂರು ಅಡಿಯ ಸೂರು ಒಂದು ಮುಕ್ಕಾಲು ಅಡಿಗೂ ಸ್ವಲ್ಪ ಕಡಿಮೆಯಾಗಿ, ಆಷಾಢದ ಗಾಳಿಗೆ ಎರಚಲು ನೇರ ಗೋಡೆಗೆ ಬರುತ್ತಿತ್ತು. ಪ್ರತಿ ಪೈಪಿನಲ್ಲಿ ಉಳಿದ 4 ಅಡಿ 10 ಇಂಚಿನ ತುಂಡಿನಲ್ಲಿ 17 ಇಂಚಿನ ಮೂರು ತುಂಡು ಬಂದವು. ಎಂಟು ತುಂಡು ಕತ್ತರಿಸಿದರೆ 22 ಪಕಾಸಿಗೂ ಸಾಕು. ಜೋಡಣೆ ನೆತ್ತಿಯ ಕಡೆಗಲ್ಲ, ಸೂರಿನ ತುದಿಗೆ ಎಂದು ಮೇಸ್ತ್ರಿಯೇ ತೀರ್ಮಾನಿಸಿದರು. ಗೋಡೆಯಿಂದಾಚೆ ಚಾಚಿದ ಭಾಗದ ತುದಿಯಲ್ಲಿ ಭಾರ ಕಡಿಮೆ, ಬಾಗಿಸುವ ಬಲವೂ ಕಡಿಮೆ. ಒಳಗೆ ಬಿಗಿಯಾಗಿ ಕೂರುವ ಸಣ್ಣ ಪೈಪು ತೂರಿಸಿ, ಸುತ್ತ ವೆಲ್ಡ್ ಮಾಡಿ, ಉಜ್ಜಿ, ರೆಡ್ ಆಕ್ಸೈಡ್ ಬಳಿದರು. ಎರಡು ದಿನದ ಕೆಲಸ ಹೆಚ್ಚಾಯಿತು, ಆ ಕೂಲಿಯನ್ನು ನಾನು ಕೊಟ್ಟೆ.

ದೊಡ್ಡ ನಷ್ಟ ತಪ್ಪಿದ್ದು ಮಾಡಿಗೆ ಹೊದಿಸುವ ಶೀಟಿನಲ್ಲಿ. ಬಣ್ಣದ ಶೀಟನ್ನು ಹೇಳಿದ ಉದ್ದಕ್ಕೆ ಕತ್ತರಿಸಿ ಕಳಿಸುತ್ತಾರೆ, ಒಮ್ಮೆ ಕತ್ತರಿಸಿದರೆ ವಾಪಸ್ ಇಲ್ಲ. ಒಂದು ಬದಿಗೆ 14ರಂತೆ 28 ಶೀಟು, ಹದಿನೈದೂವರೆ ಅಡಿ ಉದ್ದ ಎಂದು ಆರ್ಡರ್ ಬರೆದಿಟ್ಟಿದ್ದೆ. ಮರುದಿನ ಬೆಳಿಗ್ಗೆ ಕಳಿಸುವುದಿತ್ತು. ಅದನ್ನು 17 ಅಡಿ ಎಂದು ತಿದ್ದಿ ಕಳಿಸಿದೆ.

ಯಜಮಾನರಿಗೆ ನಡೆದದ್ದನ್ನು ಹಾಗೆಯೇ ಹೇಳಿದೆ. "ಮಳೆಗೆ ಮುಂಚೆ ಗೊತ್ತಾಯ್ತಲ್ಲ ಮಾರಾಯ್ರೇ, ಕಾಪಿ ಕುಡೀರಿ" ಎಂದರು.

ಸ್ಪ್ರೆಡ್‌ಶೀಟನ್ನು ಈಗ ಹೀಗೆ ಬರೆದಿದ್ದೇನೆ. ಕೋನದಿಂದ ಉದ್ದ ಬೇಕಾದಲ್ಲಿ =ಬಿ2/ಕಾಸ್(ರೇಡಿಯನ್ಸ್(ಬಿ3)). ರೇಡಿಯನ್ಸ್ ಎಂಬ ಫಂಕ್ಷನ್ ಡಿಗ್ರಿಯನ್ನು ಬದಲಾಯಿಸಿ ಕೊಡುತ್ತದೆ. ಬೇಕಾದರೆ ಬಿ3*ಪೈ()/180 ಎಂದೂ ಬರೆಯಬಹುದು, ನನಗೆ ಮೊದಲನೆಯದೇ ಇಷ್ಟ, ಓದಿದವರಿಗೆ ಉದ್ದೇಶ ತಿಳಿಯುತ್ತದೆ. ಎತ್ತರಕ್ಕೆ ಬೇರೆಯೇ ಕೋಶ ಇದೆ, ಅದರಲ್ಲಿ ಫಾರ್ಮುಲಾ ಇಲ್ಲ. ಮೇಸ್ತ್ರಿ ಟೇಪಿನಿಂದ ಹೇಳಿದ್ದನ್ನು ಕೈಯಾರೆ ತುಂಬಬೇಕು. ಅದರಿಂದ ಪೈಥಾಗೊರಸ್ ಉದ್ದ ತೆಗೆದು, ಕೋನದ ಉದ್ದಕ್ಕೂ ಅದಕ್ಕೂ ಒಂದು ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸಾಲು ಪೂರ್ತಿ ಕೆಂಪಾಗುತ್ತದೆ. ಎತ್ತರ ಖಾಲಿ ಇದ್ದರೆ ಕಟಿಂಗ್ ಪಟ್ಟಿಯೇ ಬರುವುದಿಲ್ಲ. ಹೊಸ ಫಾರ್ಮುಲಾ ಬರೆದಾಗಲೆಲ್ಲ ಮೊದಲು 60 ಡಿಗ್ರಿ ಕೊಟ್ಟು ನೋಡುತ್ತೇನೆ, ಉದ್ದ ಅಡ್ಡಳತೆಯ ಸರಿಯಾಗಿ ಎರಡರಷ್ಟು ಬರಬೇಕು. ಹಳೆಯ ಫಾರ್ಮುಲಾಕ್ಕೆ 60 ಕೊಟ್ಟಿದ್ದರೆ 30 ಅಡಿಯ ಬದಲು ಮೈನಸ್ 15.75 ಬರುತ್ತಿತ್ತು. ಸೊನ್ನೆ ಕೊಟ್ಟು ಪರೀಕ್ಷೆ ಮಾಡುವುದು ಪ್ರಯೋಜನವಿಲ್ಲ, ಸೊನ್ನೆ ಡಿಗ್ರಿಯೂ ಸೊನ್ನೆ ರೇಡಿಯನ್ನೂ ಒಂದೇ.

ಅಳತೆಯಿಂದ ಕೋನ ತೆಗೆಯುವ ಕೋಶವನ್ನೂ ಸೇರಿಸಿದೆ: =ಡಿಗ್ರೀಸ್(ಎಟ್ಯಾನ್2(15,7)). ಉತ್ತರ 25.02. ಇಲ್ಲಿ ಇನ್ನೊಂದು ಹೊಂಡ ಇದೆ. ಸ್ಪ್ರೆಡ್‌ಶೀಟಿನ ಎಟ್ಯಾನ್2ಕ್ಕೆ ಅಡ್ಡಳತೆ ಮೊದಲು, ಎತ್ತರ ಆಮೇಲೆ. ಪೈಥಾನ್, ಜಾವಾಸ್ಕ್ರಿಪ್ಟ್ ಮುಂತಾದ ಭಾಷೆಗಳಲ್ಲಿ ಎತ್ತರ ಮೊದಲು. ಅಲ್ಲಿಂದ ನಕಲು ಮಾಡಿ ತಂದರೆ 64.98 ಡಿಗ್ರಿ ಬರುತ್ತದೆ.

ಗಟರಿನ ಲೆಕ್ಕ ಮಾತ್ರ ಮೊದಲಿನಿಂದಲೂ ಸರಿ ಇತ್ತು, ಯಾಕೆಂದರೆ ಅದಕ್ಕೆ ಕೋನವೇ ಬೇಡ. ಇಳಿಜಾರಿನ ಮೇಲಿನ ಶೀಟು ಸುಮಾರು 1456 ಚದರಡಿ ಆದರೂ ಮಳೆ ಹಿಡಿಯುವುದು ನೆಲದ ಮೇಲಿನ ನೆರಳಿನಷ್ಟೇ: 30 ಅಡಿ, 44 ಅಡಿ, 1320 ಚದರಡಿ. ದಿನಕ್ಕೆ 100 ಮಿಲಿಮೀಟರ್ ಬಿದ್ದರೆ 12000 ಲೀಟರ್ ದಾಟುತ್ತದೆ, ಆ ಕಡೆಗೆ ಅಂಥ ದಿನ ಹೊಸದಲ್ಲ.

ಕೆಲಸ ಮುಗಿದ ಮೇಲೆ ಮೇಸ್ತ್ರಿ ಒಂದು ಕೇಳಿದರು. "ಡಿಗ್ರಿ ನಂಗೆ ಬೇಡ ಸರ್, ಅಡಿಗೆ ಇಷ್ಟಿಂಚು ಏರಿದ್ರೆ ಕೋಲು ಎಷ್ಟು ಅಂತ ಒಂದು ಚೀಟಿ ಮಾಡ್ಕೊಡಿ." ಶೀಟಿನಲ್ಲೇ ಮಾಡಿ ಪ್ರಿಂಟ್ ತೆಗೆದೆ. ಒಂದು ಅಡಿ ಅಡ್ಡಕ್ಕೆ ನಾಲ್ಕು ಇಂಚು ಏರಿದರೆ ಕೋಲು 12.65 ಇಂಚು, ಐದಕ್ಕೆ 13, ಆರಕ್ಕೆ 13.42, ಏಳಕ್ಕೆ 13.89, ಎಂಟಕ್ಕೆ 14.42, ಒಂಬತ್ತಕ್ಕೆ 15. ಪಕ್ಕದಲ್ಲಿ ಡಿಗ್ರಿಯೂ ಇದೆ, ಚಿಕ್ಕ ಅಕ್ಷರದಲ್ಲಿ, ನನಗೋಸ್ಕರ. ಅವರು ಸಾಲಿನ ಮೇಲೆ ಬೆರಳು ಇಳಿಸುತ್ತಾ ಹೋಗಿ ಐದರಲ್ಲಿ ನಿಂತರು, ಆಮೇಲೆ ಒಂಬತ್ತರಲ್ಲಿ. "ಇವೆರಡಕ್ಕೆ ಚಿಲ್ಲರೆ ಇಲ್ಲ. ಒಂಬತ್ತು, ಹನ್ನೆರಡು, ಹದಿನೈದು ನಮ್ಮ ಮೂರು, ನಾಲ್ಕು, ಐದೇ. ಈ ಐದು, ಹನ್ನೆರಡು, ಹದಿಮೂರು ಗೊತ್ತಿರ್ಲಿಲ್ಲ" ಎಂದು, ಅಲ್ಲೇ ತಾರಸಿಯ ಮೇಲೆ ದಾರ ಹಿಡಿದು ಐದು ಅಡಿ, ಹನ್ನೆರಡು ಅಡಿ ಗುರುತು ಹಾಕಿ, ಟೇಪಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು.